ಉಡುಪು ಬದಲಾದಾಗ ದನಿಯೂ ಬದಲಾಗಬೇಕಾ?

ಎಲ್ಲರಿಗೂ ನಮಸ್ಕಾರ.

ಹೆಣ್ಣಿನ ಉಡುಪು ತೊಡುವ ಗಂಡಸರು ಎಲ್ಲೇ ಸೇರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಉಡುಪು ಆಯಿತು, ವಿಗ್ಗು ಆಯಿತು, ಮೇಕಪ್ಪೂ ಕೈಗೆ ಹತ್ತಿತು. ದನಿಗೆ ಏನು ಮಾಡೋದು? ಹೆಣ್ಣಿನ ದನಿ ಕಲಿಯಲೇಬೇಕಾ? ನಾನೂ ಬಹಳ ವರ್ಷಗಳಿಂದ ಕ್ರಾಸ್‌ಡ್ರೆಸ್ಸಿಂಗ್ ಮಾಡುವವನು. ದನಿಯ ಅಭ್ಯಾಸವನ್ನು ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಲಿತಿದ್ದೇನೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಕಲಿಯಲೇಬೇಕು ಅಂತೇನಿಲ್ಲ. ಇಷ್ಟವಿದ್ದರೆ ಖಂಡಿತ ಕಲಿಯಿರಿ. ಆದರೆ ಕಲಿಯುವವರೆಗೂ ಬಾಯಿ ಮುಚ್ಚಿಕೊಂಡು ಕೂರಬೇಡಿ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ದನಿಯ ಬಗ್ಗೆ ನಾವು ಮಾತಾಡುವಾಗ ಗಂಡಿನ ದನಿ, ಹೆಣ್ಣಿನ ದನಿ ಅಂತ ಎರಡೇ ದಾರಿ ಇರುವ ಹಾಗೆ ಮಾತಾಡುತ್ತೇವೆ. ನಮ್ಮಲ್ಲಿ ಬಹಳ ಜನ ಹಿಡಿದಿರುವುದು ಮೂರನೇ ದಾರಿ. ಮಾತನ್ನೇ ಬಿಟ್ಟುಬಿಡುವುದು.

ನನ್ನ ಗೆಳತಿಯೊಬ್ಬಳ ವಿಷಯ ಹೇಳುತ್ತೇನೆ. ಉಡುಪಿನಲ್ಲಿದ್ದಾಗ ನಾವು ಅವಳು ಅಂತಲೇ ಕರೆಯುವುದು. ಒಮ್ಮೆ ಬಟ್ಟೆ ಅಂಗಡಿಗೆ ಹೋಗಿದ್ದೆವು. ಅಂಗಡಿಯ ಹುಡುಗಿ ಬಂದು 'ಯಾವ ಸೈಜ್ ಬೇಕಿತ್ತು ಮೇಡಂ?' ಅಂತ ಕೇಳಿದಳು. ಇವಳು ಬಾಯಿ ಬಿಡಲಿಲ್ಲ. ಮೊಬೈಲ್ ತೆಗೆದು ಸೈಜ್ ಟೈಪ್ ಮಾಡಿ ತೋರಿಸಿದಳು. ಆ ಹುಡುಗಿ ಇವಳಿಗೆ ಮಾತು ಬಾರದು ಅಂದುಕೊಂಡಳು. ತಕ್ಷಣ ತಾನೂ ಕೈಸನ್ನೆಗೆ ಇಳಿದಳು. ಬಣ್ಣ ತೋರಿಸಿ ಹುಬ್ಬೇರಿಸಿ ಕೇಳುವುದು, ಬೇಡ ಅಂದರೆ ತಲೆಯಾಡಿಸಿ ಇನ್ನೊಂದು ತರುವುದು. ಅಷ್ಟು ಅಕ್ಕರೆಯಿಂದ ಒಂದೊಂದೇ ಬಟ್ಟೆ ಬಿಡಿಸಿ ತೋರಿಸಿದಳು. ಹೊರಗೆ ಬಂದ ಮೇಲೆ ನನ್ನ ಗೆಳತಿ ಎಷ್ಟೋ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳೋಕಾಗಲಿಲ್ಲ ಕಣೇ' ಅಂದಳು.

ಇಂಥ ಮೌನ ನಮ್ಮವರಲ್ಲಿ ಬಹಳ ಇದೆ. ಹೊರಗೆ ಹೋಗಬೇಕು, ನಾಲ್ಕು ಜನರ ನಡುವೆ ಹೀಗೇ ಇರಬೇಕು ಅಂತ ಎಷ್ಟೋ ಕಾಲ ಕಾದಿರುತ್ತೇವೆ. ಹೋದ ಮೇಲೆ ಯಾರ ಜೊತೆಗೂ ಒಂದು ಮಾತಿಲ್ಲ. ಜನರ ನಡುವೆ ಇದ್ದೂ ಇಲ್ಲದ ಹಾಗೆ. ದನಿಯ ಪ್ರಶ್ನೆಯನ್ನು ಇಲ್ಲಿಂದ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳಲ್ಲ. ದನಿ ಗುಟ್ಟು ಬಿಟ್ಟುಕೊಡುತ್ತದೆ, ನಿಜ. ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಹುಡುಗರ ಧ್ವನಿತಂತುಗಳನ್ನು ಉದ್ದ ಮಾಡುತ್ತದೆ, ದಪ್ಪ ಮಾಡುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ಕೆಳಗಿಳಿಯುತ್ತದೆ. ದನಿ ಒಡೆಯಿತು ಅನ್ನುತ್ತೇವಲ್ಲ, ಅದೇ. ಹುಡುಗಿಯರ ದನಿಯೂ ಆಗ ಸ್ವಲ್ಪ ಇಳಿಯುತ್ತದೆ. ಹುಡುಗರದ್ದು ಹೆಚ್ಚುಕಮ್ಮಿ ಒಂದು ಇಡೀ ಸ್ಥಾಯಿಯಷ್ಟು ಇಳಿಯುತ್ತದೆ. ಬೆಳೆದ ಗಂಡಸು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತವೆ. ಹೆಂಗಸರಲ್ಲಿ ಇದು ಸುಮಾರು 180ರಿಂದ 220. ಸೆಕೆಂಡಿಗೆ ಇಷ್ಟು ಸಲ ಅನ್ನುವ ಲೆಕ್ಕಕ್ಕೇ ಹರ್ಟ್ಸ್ ಅನ್ನುವುದು, ದನಿಯ ಈ ಎತ್ತರವೇ ಪಿಚ್. ಒಮ್ಮೆ ಬಲಿತ ತಂತುಗಳನ್ನು ಯಾವ ಮಾತ್ರೆಯೂ ಹಿಂದಕ್ಕೆ ತರಲ್ಲ. ಟ್ರಾನ್ಸ್ ಮಹಿಳೆಯರು, ಅಂದರೆ ಗಂಡು ಅಂತ ಗುರುತಿಸಲ್ಪಟ್ಟು ಹುಟ್ಟಿದರೂ ಹೆಣ್ಣಾಗಿಯೇ ಬದುಕುವವರು, ತೆಗೆದುಕೊಳ್ಳುವ ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನು ಕೂಡ ದನಿಯನ್ನು ಎತ್ತರಿಸುವುದಿಲ್ಲ. ಅವರೂ ಅಭ್ಯಾಸ ಮಾಡಿಯೇ ದನಿ ಕಟ್ಟಿಕೊಳ್ಳುತ್ತಾರೆ.

ಈಗ ಆ ಅಂಕಿಗಳ ನಡುವಿನ ಜಾಗ ನೋಡಿ. 150ರಿಂದ 170 ಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುವ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಅಲ್ಲಿ ಬರೀ ಪಿಚ್ ಕೇಳಿ ಯಾರೂ ಇದು ಇಂಥವರದ್ದೇ ಅಂತ ಹೇಳಲಾಗದು. ಫೋನಿನಲ್ಲಿ 'ಹೇಳಿ ಸಾರ್' ಅನ್ನಿಸಿಕೊಳ್ಳುವ ಹೆಂಗಸರು ನಿಮಗೆಲ್ಲ ಗೊತ್ತಿರುತ್ತಾರೆ. ಗಂಗೂಬಾಯಿ ಹಾನಗಲ್ ಅವರನ್ನೇ ನೆನಪು ಮಾಡಿಕೊಳ್ಳಿ. ಶುರುವಿನ ದಿನಗಳ ರೆಕಾರ್ಡುಗಳಲ್ಲಿ ಅವರದ್ದು ತೆಳುವಾದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡಸಿನ ದನಿಯ ಹಾಗೆ ದಪ್ಪಗಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ, ತೆಳ್ಳಗೆ ಮಾಡಲು ಹೆಣಗಲೂ ಇಲ್ಲ. ಆ ದನಿಯಲ್ಲೇ ಹಾಡಿದರು, 2002ರಲ್ಲಿ ಪದ್ಮವಿಭೂಷಣ ಪಡೆದರು. ಅವರು ಹೆಣ್ಣೆಂಬುದರ ಬಗ್ಗೆ ಯಾರಿಗಾದರೂ ಅನುಮಾನ ಬಂತಾ?

ಇನ್ನೊಂದು ವಿಷಯ. ದನಿಯಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟಿದೆಯೋ ಕಲಿತದ್ದೂ ಅಷ್ಟೇ ಇದೆ. ಪುಟ್ಟ ಹುಡುಗರ, ಹುಡುಗಿಯರ ಗಂಟಲಿನಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಆದರೂ ಮುಖ ನೋಡದೆ, ಮಾತು ಕೇಳಿಯೇ ನಾವು ಬಹಳ ಸಲ ಇದು ಹುಡುಗ, ಇದು ಹುಡುಗಿ ಅಂತ ಗುರುತಿಸುತ್ತೇವೆ. ಅಷ್ಟು ಚಿಕ್ಕವರಿದ್ದಾಗಲೇ ಮಕ್ಕಳು ತಮ್ಮ ಸುತ್ತಲಿನವರನ್ನು ಕೇಳಿ ಮಾತಿನ ಧಾಟಿ ಹಿಡಿದಿರುತ್ತಾರೆ. ಕಾಲವೂ ದನಿ ಬದಲಿಸುತ್ತದೆ. ಆಸ್ಟ್ರೇಲಿಯಾದ ಯುವತಿಯರ 1940ರ ದಶಕದ ರೆಕಾರ್ಡುಗಳನ್ನೂ 1990ರ ದಶಕದ ರೆಕಾರ್ಡುಗಳನ್ನೂ ಹೋಲಿಸಿದಾಗ ಸರಾಸರಿ ಪಿಚ್ ಸುಮಾರು 23 ಹರ್ಟ್ಸ್ ಇಳಿದಿತ್ತು. ಐವತ್ತು ವರ್ಷಗಳಲ್ಲಿ ಗಂಟಲು ಬೆಳೆಯುವ ರೀತಿ ಅಷ್ಟು ಬದಲಾಗಲು ಸಾಧ್ಯವಿಲ್ಲ. ಹೆಂಗಸರು ಹೇಗೆ ಮಾತಾಡಬೇಕು ಅನ್ನುವ ನಿರೀಕ್ಷೆ ಬದಲಾಯಿತು, ದನಿ ಅದರ ಹಿಂದೆ ಹೋಯಿತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ರಾಜಕೀಯದಲ್ಲಿ ಮೇಲೆ ಬರುವಾಗ ತರಬೇತಿ ಪಡೆದೇ ದನಿ ತಗ್ಗಿಸಿಕೊಂಡರು. ಹಾಗಾದರೆ ಅಪ್ಪಟ ಹೆಣ್ಣಿನ ದನಿ ಅಂತ ನಾವು ಯಾವುದನ್ನು ಗುರಿ ಇಟ್ಟುಕೊಂಡು ನರಳುತ್ತಿದ್ದೇವೆ? ನನಗೆ ಈ ಪ್ರಶ್ನೆ ಕಾಡುತ್ತದೆ.

ಆ ಗುರಿಯನ್ನು ಹುಡುಕಿಕೊಂಡು ಹೋದವರು ಮೊದಲು ಹೋಗಿ ನಿಲ್ಲುವುದು ಕಳ್ಳದನಿಯಲ್ಲಿ. ಹಾಡುಗಾರರು ಕಳ್ಳದನಿ ಅನ್ನುವುದು ಗಂಟಲಿನ ತುದಿಯಿಂದ ಬರುವ, ತೆಳ್ಳಗಿನ, ಒಳಗೆ ತಿರುಳಿಲ್ಲದ ದನಿಗೆ. ಉಡುಪು ತೊಟ್ಟ ಮೊದಲ ಸಲ ಬಹಳ ಜನ ಸಹಜವಾಗಿ ಅದಕ್ಕೇ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಎರಡು ಕಾರಣ ಇದೆ. ಮೊದಲನೆಯದು, ಹೆಂಗಸರು ಯಾರೂ ಹಾಗೆ ಮಾತಾಡುವುದಿಲ್ಲ. ಕೇಳಿದವರಿಗೆ ಅದು ಹೆಣ್ಣಿನ ದನಿ ಅನ್ನಿಸದು, ಅಣಕ ಅನ್ನಿಸುತ್ತದೆ. ಅದರ ಜೊತೆಗೆ ನಾಚಿಕೆ, ವಯ್ಯಾರ, ಮಾತಿಗೊಮ್ಮೆ ಕಿಲಕಿಲ ಸೇರಿಸಿದರಂತೂ ಪಕ್ಕದಲ್ಲಿ ನಿಂತ ಹೆಂಗಸಿಗೆ ನೋವಾಗುತ್ತದೆ. ನಾವು ಇಷ್ಟು ಪ್ರೀತಿಯಿಂದ ಹೆಣ್ಣಿನ ರೂಪ ತಾಳುವವರು. ಅವರನ್ನು ಗೇಲಿ ಮಾಡಿದ ಹಾಗೆ ಕಾಣಿಸಬಾರದು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಎರಡನೆಯ ಕಾರಣ ಗಂಟಲಿನದ್ದು. ಪಿಚ್ ಏರಿದಷ್ಟೂ ತಂತುಗಳು ಸೆಕೆಂಡಿಗೆ ಜಾಸ್ತಿ ಸಲ ಒಂದಕ್ಕೊಂದು ಬಡಿಯುತ್ತವೆ. ಅಭ್ಯಾಸ ಇಲ್ಲದೆ ಗಂಟಲು ಬಿಗಿಹಿಡಿದು ಗಂಟೆಗಟ್ಟಲೆ ಹಾಗೆ ಮಾತಾಡಿದರೆ ಮರುದಿನ ಗಂಟಲು ಕಟ್ಟುತ್ತದೆ. ಅದೇ ಚಾಳಿಯಾದರೆ ತಂತುಗಳ ಮೇಲೆ ಸಣ್ಣ ಗಂಟುಗಳು ಏಳಬಹುದು. ಸಂಗೀತ ಜೋರಾಗಿರುವ ಪಾರ್ಟಿಗಳಲ್ಲಿ ಇನ್ನೂ ಕಷ್ಟ. ಗದ್ದಲ ಇದ್ದಲ್ಲಿ ಯಾರಾದರೂ ಗೊತ್ತಿಲ್ಲದೇ ದನಿ ಏರಿಸುತ್ತಾರೆ. ಕಳ್ಳದನಿಯನ್ನು ಅದರ ಮೇಲೂ ಏರಿಸಹೊರಟರೆ ಗಂಟಲು ತಡೆಯಲ್ಲ.

ಹಾಗಾದರೆ ಕಲಿಯಬೇಕು ಅನ್ನುವವರು ಏನು ಕಲಿಯಬೇಕು? ಈಗ ಇಲ್ಲೇ ಒಂದು ಪ್ರಯೋಗ ಮಾಡೋಣ. ಪಕ್ಕದಲ್ಲಿ ಕೂತವರ ಕಿವಿಯಲ್ಲಿ ನಿಮ್ಮ ಹೆಸರನ್ನು ಪಿಸುಗುಟ್ಟಿ.

(ಸಭೆಯಲ್ಲಿ ಒಂದು ನಿಮಿಷ ಪಿಸುಮಾತು.)

ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದೇ ಇಲ್ಲ. ಅಂದರೆ ಅಲ್ಲಿ ಪಿಚ್ ಇಲ್ಲ. ಆದರೂ ಕಣ್ಣು ಮುಚ್ಚಿ ಕೇಳಿದರೆ ಪಿಸುಗುಟ್ಟಿದ್ದು ಗಂಡಾ ಹೆಣ್ಣಾ ಅಂತ ಬಹಳ ಸಲ ಗೊತ್ತಾಗುತ್ತದೆ, ಅಲ್ವಾ? ಫೋನಿನಲ್ಲೂ ಹೀಗೇ. ಹಳೆಯ ಫೋನ್ ವ್ಯವಸ್ಥೆ ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್ ಒಳಗಿನ ಸದ್ದನ್ನು ಮಾತ್ರ. ಗಂಡಸಿನ 120 ಆಗಲಿ ಹೆಂಗಸಿನ 200 ಆಗಲಿ ಅದರೊಳಗೆ ಬರುವುದೇ ಇಲ್ಲ. ಉಳಿದ ಸದ್ದಿನಿಂದಲೇ ನಮ್ಮ ಕಿವಿ ಲೆಕ್ಕ ಹಾಕಿಬಿಡುತ್ತದೆ.

ಆ ಉಳಿದ ಸದ್ದಿಗೆ ಬಣ್ಣ ಕೊಡುವುದೇ ರೆಸೊನೆನ್ಸ್. ತಂತುಗಳಿಂದ ಹೊರಟ ಸದ್ದು ತುಟಿಯವರೆಗೆ ಒಂದು ಕೊಳವೆಯಲ್ಲಿ ಮೊಳಗುತ್ತಾ ಬರುತ್ತದೆ. ಗಂಡಸರಲ್ಲಿ ಆ ಕೊಳವೆ ಸರಾಸರಿ 17 ಸೆಂಟಿಮೀಟರ್, ಹೆಂಗಸರಲ್ಲಿ 14, 15. ಉದ್ದದ ಕೊಳಲಿನ ದನಿ ಗಾಢ, ಗಿಡ್ಡ ಕೊಳಲಿನದ್ದು ತಿಳಿ. ಇದೂ ಹಾಗೇ. ಒಳ್ಳೆಯ ಸುದ್ದಿ ಏನೆಂದರೆ ಈ ಕೊಳವೆಯ ಅಳತೆಯನ್ನು ನಾವು ಸ್ವಲ್ಪ ಬದಲಿಸಬಹುದು. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿ. ಉಬ್ಬು ಮೇಲೆ ಹೋಯಿತಾ? ಈಗ ಆಕಳಿಸಿ. ಕೆಳಗೆ ಬಂತಲ್ಲ. ಅದು ಸ್ವಲ್ಪ ಮೇಲೆ ಇದ್ದಾಗ ಕೊಳವೆ ಗಿಡ್ಡವಾಗುತ್ತದೆ. ಅದನ್ನು ಹಿಡಿಯಲು ಥೆರಪಿಸ್ಟರು ಒಂದು ಅಭ್ಯಾಸ ಕೊಡುತ್ತಾರೆ. ಮೊದಲು ದೊಡ್ಡ ನಾಯಿ ಏದುಸಿರು ಬಿಡುವ ಹಾಗೆ ಉಸಿರು ಬಿಡಿ. ಬಾಯೊಳಗೆ ಜಾಗ ದೊಡ್ಡದು, ಸದ್ದು ಗಾಢ. ಆಮೇಲೆ ಪುಟ್ಟ ನಾಯಿಮರಿಯ ಹಾಗೆ. ನಾಲಿಗೆಯ ಹಿಂಭಾಗ ತಾನೇ ಮೇಲೆದ್ದು ಮುಂದೆ ಬರುತ್ತದೆ, ಗಂಟಲು ಕಿರಿದಾಗುತ್ತದೆ, ಸದ್ದು ತಿಳಿಯಾಗುತ್ತದೆ. ಆ ಪುಟ್ಟ ಜಾಗವನ್ನು ಬಿಡದೆ ಒಂದು ಸ್ವರ ಹೇಳಿ, ಆಮೇಲೆ ಒಂದು ಪದ, ಆಮೇಲೆ ಒಂದು ವಾಕ್ಯ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಮ್ಮ ದನಿ ತಲೆಬುರುಡೆಯ ಮೂಲಕವೂ ನಮಗೆ ಕೇಳಿಸುವುದರಿಂದ ಒಳಗಿನಿಂದ ಕೇಳಿದ್ದನ್ನು ನಂಬುವ ಹಾಗಿಲ್ಲ.

ಪಿಚ್ಚನ್ನು ಒಂದಿಷ್ಟು ಏರಿಸಿದರೆ ಸಾಕು. 150ರಿಂದ 170 ಹರ್ಟ್ಸ್‌ನ ಆ ನಡುವಿನ ಜಾಗಕ್ಕೆ ಬಂದು ರೆಸೊನೆನ್ಸ್ ತಿಳಿಯಾದರೆ ಕೇಳುವ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ, ಅದರಲ್ಲೂ ಕಣ್ಣೆದುರು ಹೆಣ್ಣಿನ ರೂಪ ಇರುವಾಗ. ಮಾತಿನ ಧಾಟಿಯಲ್ಲಿ ಏರಿಳಿತ ಇರಲಿ, ವಾಕ್ಯದ ಕೊನೆಗೆ ದನಿ ಎದೆಯ ದಪ್ಪ ದನಿಗೆ ಇಳಿಯದಿರಲಿ. ಗುನುಗುವುದು, ತುಟಿ ನಡುಗಿಸುತ್ತಾ ಸ್ವರ ತೆಗೆಯುವುದು, ಸ್ಟ್ರಾ ಬಾಯಲ್ಲಿಟ್ಟು ಗುಂಯ್ ಅನ್ನುವುದು, ಇವೆಲ್ಲ ಗಂಟಲಿಗೆ ಹಿತ. ದಿನಕ್ಕೆ ಸ್ವಲ್ಪ ಹೊತ್ತು, ಆದರೆ ದಿನವೂ. ನೀರು ಕುಡಿಯುತ್ತಿರಿ. ನೋವಾದರೆ ಅಲ್ಲಿಗೇ ನಿಲ್ಲಿಸಿ. ಗಂಟಲು ಕಟ್ಟಿದ್ದು ಎರಡು ಮೂರು ವಾರವಾದರೂ ಬಿಡದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಇದು ತಿಂಗಳುಗಳ ಕೆಲಸ. ಅಷ್ಟು ಕಾಲ ಮಾಡಿದ ಮೇಲೂ ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಹಳೆಯ ದನಿ ಹೊರಗೆ ಬಂದೇ ಬರುತ್ತದೆ. ಅದಕ್ಕೇ ನಾನು 'ನಿಮಗೆ ಇಷ್ಟವಿದೆಯಾ?' ಅಂತ ಕೇಳುವುದು. ಟ್ರಾನ್ಸ್ ಮಹಿಳೆಗೆ ದನಿ ಬೆಳಗಿನಿಂದ ರಾತ್ರಿಯವರೆಗೆ ಬೇಕು. ಕೆಲಸದಲ್ಲಿ, ಫೋನಿನಲ್ಲಿ, ಮನೆಯಲ್ಲಿ ಅದು ಅವಳ ಬದುಕು. ತನ್ನದೇ ದನಿ ತನಗೆ ಪರಕೀಯ ಅನ್ನಿಸುವ ಸಂಕಟ ಅವಳದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಸಂಕಟ ಇಲ್ಲ. ಉಡುಪು ತೆಗೆದ ಮೇಲೆ ಹಳೆಯ ದನಿಗೆ ಹಾಯಾಗಿ ಮರಳುತ್ತೇವೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಕೂರುವವರಿಗೆ ಎರಡನೇ ದನಿ ಯಾಕೆ ಬೇಕು ಹೇಳಿ? ಬೇಕು ಅನ್ನಿಸಿದರೆ, ಆ ರೂಪದಲ್ಲಿ ಹಳೆಯ ದನಿ ಕೇಳಿದಾಗ ಮನಸ್ಸು ಮುದುಡುತ್ತಿದ್ದರೆ, ಅದು ಕಲಿಯಲು ಸಾಕಷ್ಟು ಒಳ್ಳೆಯ ಕಾರಣ. ಬೇರೆಯವರು 'ಹಾಗಿದ್ದರೇ ಪೂರ್ತಿ' ಅಂದರು ಅಂತ ಕಲಿಯುವುದು ಕಾರಣವಲ್ಲ. ನಮ್ಮ ಗುಂಪುಗಳಲ್ಲೇ ಚೆನ್ನಾಗಿ ದನಿ ಬದಲಿಸುವವರು ಉಳಿದವರನ್ನು ಕೀಳಾಗಿ ನೋಡುವುದುಂಟು. ಹೊರಗಿನವರು ನಮಗೆ ಮಾಡುವುದನ್ನೇ ನಾವು ನಮ್ಮವರಿಗೆ ಮಾಡಿದ ಹಾಗಾಯಿತು. ಇದು ನಿಲ್ಲಬೇಕು.

ಒಂದು ಕಡೆ ಮಾತ್ರ ದನಿಯ ವಿಷಯ ಇಷ್ಟಾನಿಷ್ಟವನ್ನು ಮೀರುತ್ತದೆ. ಅದು ಸುರಕ್ಷತೆ. ರೂಪ ಒಂದು, ದನಿ ಒಂದು ಆದಾಗ ಕೆಲವರು ಕೆರಳುತ್ತಾರೆ, ಮೋಸ ಮಾಡಿದರು ಅಂತ ಕೂಗಾಡುತ್ತಾರೆ. ರಾತ್ರಿ ಹೊತ್ತು, ಒಂಟಿಯಾಗಿ, ಪರಿಚಯವಿಲ್ಲದ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಇಡೀ ದನಿ ಕಲಿಯದಿದ್ದರೂ ನಾಲ್ಕೈದು ಪುಟ್ಟ ಮಾತುಗಳನ್ನು ಮೆತ್ತಗೆ, ತಿಳಿಯಾಗಿ ಹೇಳಲು ರೂಢಿ ಮಾಡಿಕೊಳ್ಳಿ. 'ಥ್ಯಾಂಕ್ಸ್', 'ಎಷ್ಟಾಯಿತು?', 'ಇಲ್ಲೇ ನಿಲ್ಲಿಸಿ', 'ಬೇಡ'. ಕನ್ನಡದಲ್ಲಿ ನಮಗೆ ಒಂದು ಅನುಕೂಲವೂ ಇದೆ. ನಾನು ಬಂದೆ, ನಾನು ಹೋಗುತ್ತೇನೆ ಅಂದರೆ ಮಾತಾಡಿದವರು ಯಾರು ಅಂತ ಕ್ರಿಯಾಪದ ಹೇಳುವುದಿಲ್ಲ. ಹಿಂದಿಯವರು ಬಾಯಿ ಬಿಟ್ಟ ತಕ್ಷಣ ಗಂಡೋ ಹೆಣ್ಣೋ ಆರಿಸಿಕೊಳ್ಳಲೇಬೇಕು. ಜೊತೆಗೊಬ್ಬರು ಇದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಉಳಿದ ಕಡೆ, ಹಗಲು ಹೊತ್ತು, ಅಂಗಡಿಯಲ್ಲಿ, ಕೌಂಟರಿನಲ್ಲಿ, ಗೆಳೆಯರ ನಡುವೆ, ನಿಮ್ಮ ದನಿಯಲ್ಲೇ ಮಾತಾಡಿ. ಸ್ವಲ್ಪ ಮೆತ್ತಗೆ, ಅವಸರವಿಲ್ಲದೆ, ಎದುರಿನವರ ಕಣ್ಣು ನೋಡಿ. ಮೊದಲ ಮಾತಿಗೆ ಅವರು ಒಂದು ಕ್ಷಣ ತಡೆಯಬಹುದು. ಎರಡನೇ ಮಾತಿನ ಹೊತ್ತಿಗೆ ಬಹಳ ಜನ ತಮ್ಮ ಕೆಲಸಕ್ಕೆ ಮರಳಿರುತ್ತಾರೆ. ನಾವು ಹೆದರಿಕೊಂಡರೆ ಅವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ನಾವು ಸಲೀಸಾಗಿದ್ದರೆ ಅವರೂ ಸಲೀಸಾಗುತ್ತಾರೆ. ಇದು ನಾನು ಮತ್ತೆ ಮತ್ತೆ ಕಂಡದ್ದು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಆಪರೇಷನ್ ಬಗ್ಗೆ ಕೇಳಿದರು. ಧ್ವನಿತಂತುಗಳ ಮುಂಭಾಗವನ್ನು ಹೊಲಿದು, ಕಂಪಿಸುವ ಉದ್ದ ಕಡಿಮೆ ಮಾಡಿ ಪಿಚ್ ಏರಿಸುವ ಆಪರೇಷನ್ ಇದೆ. ಕೆಲವು ಟ್ರಾನ್ಸ್ ಮಹಿಳೆಯರು ಮಾಡಿಸಿಕೊಳ್ಳುತ್ತಾರೆ. ಅದು ಪಿಚ್ಚನ್ನಷ್ಟೇ ಬದಲಿಸುತ್ತದೆ, ರೆಸೊನೆನ್ಸ್ ಹಾಗೇ ಉಳಿಯುತ್ತದೆ. ದನಿಯ ಜೋರು ಕಡಿಮೆಯಾಗಬಹುದು. ಆಮೇಲೂ ಅಭ್ಯಾಸ ತಪ್ಪಿದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ದನಿಗೆ ಮರಳುವ ದಾರಿ ಮುಚ್ಚುತ್ತದೆ. ಎರಡೂ ಬದುಕು ಬೇಕು ಅನ್ನುವ ನಮಗೆ ಅದು ಹೊಂದುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ.

ಇನ್ನೊಬ್ಬರು ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದರು. 'ನನ್ನ ಹೆಂಡತಿ ಉಡುಪನ್ನು ಒಪ್ಪಿಕೊಂಡಿದ್ದಾಳೆ. ಜೊತೆಗೆ ಕೂತು ಮಾತಾಡುತ್ತಾಳೆ. ಆದರೆ ದನಿ ಬದಲಿಸಿದರೆ ಎದ್ದು ಹೋಗುತ್ತಾಳೆ. ಏನು ಮಾಡಲಿ?' ಅವರಿಗೆ ನಾನು ಹೇಳಿದ್ದು ಇಷ್ಟು. ರೂಪ ಬದಲಾದಾಗ ನಿಮ್ಮ ಹೆಂಡತಿಗೆ ಗುರುತಿನದ್ದು ಅಂತ ಉಳಿದಿರುವುದು ನಿಮ್ಮ ದನಿ. ಅದನ್ನು ಕೇಳಿಕೊಂಡೇ ಅವರು ಎದುರಿಗೆ ಕೂತಿದ್ದಾರೆ. ಮನೆಯಲ್ಲಿ ಅವರ ಜೊತೆ ಮಾಮೂಲಿ ದನಿಯಲ್ಲೇ ಮಾತಾಡಿ. ಅಭ್ಯಾಸವನ್ನು ಬೇರೆ ಹೊತ್ತಿಗೆ, ಬೇರೆ ಕೋಣೆಗೆ ಇಟ್ಟುಕೊಳ್ಳಿ, ಮುಚ್ಚುಮರೆ ಮಾಡದೆ ಅವರಿಗೆ ಹೇಳಿಯೇ ಮಾಡಿ. ಮುಂದೆ ಯಾವತ್ತಾದರೂ ರೆಕಾರ್ಡ್ ಕೇಳಿಸು ಅಂತ ಅವರೇ ಕೇಳಿದರೆ ಕೇಳಿಸಿ. ಕೇಳದಿದ್ದರೆ ಒತ್ತಾಯ ಮಾಡಬೇಡಿ.